ಲಿಫ್ಟ್ ಹಾಕಿದ ಮೇಲೆ ಮೆತ್ತಗಾದ ಜಿಮ್ನಿ: ಅಳೆದದ್ದು, ಬಿಚ್ಚಿದ್ದು, ಬದಲಿಸಿದ್ದು

ನೆಲದಿಂದ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದರೆ ಗಾಡಿ ಗಡುಸಾಗುತ್ತದೆ, ನಡು ನೋಯುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಸಕಲೇಶಪುರ ಕಡೆ ತೋಟದ ಓಡಾಟದಲ್ಲಿರುವ ಈ ಐದು ಬಾಗಿಲಿನ ಮಾರುತಿ ಜಿಮ್ನಿ ಜೀಪಿನಲ್ಲಿ ಆದದ್ದು ಅದರ ತಿರುವುಮುರುವು. 50 ಮಿ.ಮೀ. ಎತ್ತರಿಸುವ ಸ್ಪ್ರಿಂಗ್, ಉದ್ದದ ಶಾಕ್ (ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್), 215/75 ಆರ್15 ಟೈರ್, ಮುಂದೆ ಉಕ್ಕಿನ ಬಂಪರ್ ಮತ್ತು ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಮೇಲೆ ರ‍್ಯಾಕ್, ಇಷ್ಟೂ ಹಾಕಿ ಆರು ತಿಂಗಳಾಗುವಷ್ಟರಲ್ಲಿ ಗಾಡಿ ತೊಟ್ಟಿಲಿನಂತೆ ತೂಗತೊಡಗಿತ್ತು. ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ. ಹಂಪ್ ದಾಟಿದರೆ ಮೂರು ಸಲ ಕುಣಿತ. ಬಿಸಿಲೆ ಘಾಟಿಯ ತಿರುವುಗಳಲ್ಲಿ ಹೊರಗಡೆಗೆ ವಾಲುವುದು. ಗುಂಡಿಗೆ ಬಿದ್ದಾಗ ಮಾತ್ರ ಮೆತ್ತಗಲ್ಲ: ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು.

ಮೊದಲಿಗೇ ಒಂದು ಮಾತು. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಲಿಫ್ಟ್ ಕಿಟ್ ಮಾರುವವರು ಇದನ್ನು ಬಿಲ್ಲಿನ ಹಿಂದೆ ಸಹ ಬರೆಯುವುದಿಲ್ಲ. ಇಲ್ಲಿ ಬರೆದಿರುವುದು ಈಗಾಗಲೇ ಎತ್ತರಿಸಿದ ಗಾಡಿಯ ರೋಗ ಹುಡುಕುವ ಕೆಲಸ ಮಾತ್ರ.

‘ಮೆತ್ತಗಾಗಿದೆ’ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಕುಣಿತ ನಿಲ್ಲದಿದ್ದರೆ ಶಾಕಿನ ಕಡೆ ನೋಡಬೇಕು. ಎತ್ತರ ಕುಸಿದು ತಳ ಬಡಿದರೆ ಸ್ಪ್ರಿಂಗ್ ಮತ್ತು ಭಾರದ ಲೆಕ್ಕ ತಪ್ಪಿದೆ. ತಿರುವಿನಲ್ಲಿ ಮಾತ್ರ ವಾಲಿದರೆ ಸ್ಟೆಬಿಲೈಸರ್ ಬಾರ್ (ವಾಲಾಟ ತಡೆಯುವ ಸಲಾಕೆ) ಮತ್ತು ಮೇಲಿನ ಹೊರೆ. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಅಲೆದಾಡಿದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಬಾಗಿರುವ ಕೋನ), ಬುಷ್ (ಕೀಲುಗಳಲ್ಲಿನ ರಬ್ಬರ್ ತೋಳು), ಟೈರ್. ಈ ಗಾಡಿಯಲ್ಲಿ ನಾಲ್ಕೂ ಸ್ವಲ್ಪ ಸ್ವಲ್ಪ ಇದ್ದವು. ಅದಕ್ಕೇ ಅದಕ್ಕಿಂತ ಮುಂಚೆ ಮಾಡಿದ್ದ ಎರಡು ದುರಸ್ತಿಗಳು ಕೈಕೊಟ್ಟಿದ್ದವು. ಒಂದು, ಮುಂದಿನ ಸ್ಪ್ರಿಂಗ್‌ಗಳ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್. ಎರಡು, ಸ್ಪ್ರಿಂಗ್ ತಲೆಯ ಮೇಲೆ 15 ಮಿ.ಮೀ. ಸ್ಪೇಸರ್. ಎರಡನ್ನೂ ಮೊದಲು ತೆಗೆದು ಬದಿಗಿಟ್ಟೆವು. ಅವು ಇದ್ದರೆ ಯಾವ ಅಳತೆಯೂ ನಂಬಿಕೆಗೆ ಅರ್ಹವಲ್ಲ.

ಸ್ಪೇಸರ್ ಬಗ್ಗೆ ಇರುವ ತಪ್ಪು ತಿಳಿವಳಿಕೆ ಗಟ್ಟಿಯಾದದ್ದು. ಸ್ಪೇಸರ್ ಹಾಕಿದರೆ ಸ್ಪ್ರಿಂಗ್ ‘ಹೆಚ್ಚು ಒತ್ತಿ’ ಗಡುಸಾಗುತ್ತದೆ ಎನ್ನುತ್ತಾರೆ. ಗಾಡಿ ತನ್ನ ಚಕ್ರಗಳ ಮೇಲೆ ನಿಂತಾಗ ಸ್ಪ್ರಿಂಗ್ ಹೊರುವುದು ಗಾಡಿಯ ಭಾರವನ್ನಷ್ಟೇ, ಸ್ಪೇಸರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಾಗಾಗಿ ಸ್ಪ್ರಿಂಗ್ ಕುಗ್ಗುವುದೂ ಅಷ್ಟೇ. ಬಾಡಿ ಮಾತ್ರ 15 ಮಿ.ಮೀ. ಮೇಲೆ ಕೂರುತ್ತದೆ. ಒಂದು ಮಿಲಿಮೀಟರ್ ಕುಗ್ಗಿಸಲು ಬೇಕಾದ ಬಲ ಬದಲಾಗುವುದಿಲ್ಲ. ಸುತ್ತುಗಳ ನಡುವಿನ ರಬ್ಬರ್ ಬಫರ್ ಹಾಗಲ್ಲ. ಅದು ಒಂದೆರಡು ಸುತ್ತುಗಳನ್ನು ಕಟ್ಟಿಹಾಕಿ ನಿಜವಾಗಿಯೂ ಗಡುಸುಗೊಳಿಸುತ್ತದೆ, ಆದರೆ ಆ ಕೆಲಸವನ್ನೆಲ್ಲ ಉಳಿದ ಸುತ್ತುಗಳ ಮೇಲೆ ಹೇರುತ್ತದೆ. ತೆಗೆದಾಗ ಬಫರ್ ಕೂತ ಜಾಗದಲ್ಲಿ ಬಣ್ಣ ಕಿತ್ತು, ಕೆಸರು ಸಿಕ್ಕಿ, ತುಕ್ಕು ಶುರುವಾಗಿತ್ತು. ಮಲೆನಾಡಿನ ಮಳೆಯಲ್ಲಿ ಸ್ಪ್ರಿಂಗ್ ಮುರಿಯುವುದು ಇಂಥ ಜಾಗದಲ್ಲೇ.

ಟೈರಿನಿಂದ ಶುರು. ಟೈರೂ ಒಂದು ಸ್ಪ್ರಿಂಗೇ, ಅದನ್ನು ಸರಿಪಡಿಸಲು ಖರ್ಚಿಲ್ಲ. ಕಾಡುದಾರಿಗೆ 18 ಪಿ.ಎಸ್.ಐ.ಗೆ ಇಳಿಸಿದ್ದ ಗಾಳಿಯನ್ನು ಪುಟ್ಟ ಕಂಪ್ರೆಸರ್‌ನಲ್ಲಿ ಮತ್ತೆ ತುಂಬಿಸಿದ್ದರು. ಆ ಕಂಪ್ರೆಸರ್‌ನ ಮುಳ್ಳು ನಿಜಕ್ಕಿಂತ 4 ಪಿ.ಎಸ್.ಐ. ಹೆಚ್ಚು ತೋರಿಸುತ್ತಿತ್ತು. ಬೇರೆ ಗೇಜಿನಲ್ಲಿ ನೋಡಿ, ತಂಪು ಟೈರಿಗೆ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುವಷ್ಟು ತುಂಬಿಸಿ, ಮುಂದೆ ಬಂಪರ್ ಭಾರಕ್ಕೆಂದು 2 ಪಿ.ಎಸ್.ಐ. ಸೇರಿಸಿದೆವು. ತಿರುವಿನ ವಾಲಾಟದಲ್ಲಿ ಒಂದು ಪಾಲು ಅಲ್ಲಿಗೇ ಕರಗಿತು. ಕುಣಿತ ಇದ್ದಂತೆಯೇ ಇತ್ತು.

ಎತ್ತರ ಅಳೆಯುವಾಗ ನೆಲದಿಂದ ಮಡ್‌ಗಾರ್ಡ್ ತುದಿಗೆ ಟೇಪ್ ಹಿಡಿಯುವುದು ಸಾಮಾನ್ಯ ತಪ್ಪು. ಅದರಲ್ಲಿ ಟೈರಿನ ಗಾತ್ರವೂ ಗಾಳಿಯೂ ಸೇರಿಕೊಳ್ಳುತ್ತವೆ. ಕಂಪನಿಯ 195/80 ಆರ್15 ಟೈರಿನ ವ್ಯಾಸ 693 ಮಿ.ಮೀ., ಈ ಟೈರಿನದು ಸುಮಾರು 703. ಅಂದರೆ ಐದು ಮಿ.ಮೀ. ಎತ್ತರ ಟೈರಿನದೇ, ಸ್ಪ್ರಿಂಗಿನದಲ್ಲ. ಚಕ್ರದ ನಡುವಿನ ಹಬ್ಬಿನ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೆಯಬೇಕು. ಸಮತಟ್ಟು ನೆಲ, ತುಂಬಿದ ಟ್ಯಾಂಕ್, ಒಳಗೆ ಯಾರೂ ಇಲ್ಲ. ಅಳೆಯುವ ಮುಂಚೆ ಗಾಡಿಯನ್ನು ಐದು ಮೀಟರ್ ಹಿಂದೆ ಮುಂದೆ ಉರುಳಿಸಿ, ನಾಲ್ಕೂ ಮೂಲೆ ಒತ್ತಿ ಬಿಡಬೇಕು. ಇಲ್ಲವಾದರೆ ಬುಷ್‌ಗಳ ಬಿಗಿತ ಹತ್ತು ಮಿ.ಮೀ.ವರೆಗೂ ಸುಳ್ಳು ಹೇಳುತ್ತದೆ.

ಹೋಲಿಕೆಗೆ ಏನೂ ಮಾರ್ಪಾಡಾಗದ ಇನ್ನೊಂದು ಜಿಮ್ನಿಯನ್ನು ಪಕ್ಕಕ್ಕೆ ನಿಲ್ಲಿಸಿದೆವು. ಅದಕ್ಕಿಂತ ಈ ಗಾಡಿ ಮುಂದೆ ಎಡಕ್ಕೆ 31 ಮಿ.ಮೀ., ಬಲಕ್ಕೆ 24, ಹಿಂದೆ 47 ಮತ್ತು 45 ಎತ್ತರವಿತ್ತು. ಹಿಂದಿನ ಸ್ಪ್ರಿಂಗ್ ಹೇಳಿದಷ್ಟು ಕೊಟ್ಟಿದೆ. ಮುಂದಿನದು ಕೊಟ್ಟಿಲ್ಲ, ಇಲ್ಲವೇ ಕೊಟ್ಟದ್ದನ್ನು ಏನೋ ತಿಂದಿದೆ.

ತಿಂದದ್ದು ಏನೆಂದು ವೇಬ್ರಿಡ್ಜ್ ಹೇಳಿತು. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ. ಜನರಿಲ್ಲದೆ ಒಟ್ಟು 1,410 ಕೆ.ಜಿ., ಮುಂದೆ 760, ಹಿಂದೆ 650. ಈ ಗಾಡಿಗೆ ಅನುಮತಿಸಿದ ಒಟ್ಟು ತೂಕ 1,545 ಕೆ.ಜಿ. ಇಬ್ಬರು ದೊಡ್ಡವರು ಕೂತರೆ ಮುಗಿಯಿತು, ಹಿಂದಿನ ಸೀಟಿಗೆ ಬ್ಯಾಗ್ ಎಸೆಯುವಂತಿಲ್ಲ. ಜಿಮ್ನಿ ಹಗುರ ಗಾಡಿ ಎಂಬ ಕಾರಣಕ್ಕೇ ಜನ ಅದಕ್ಕೆ ಕಬ್ಬಿಣ ಹೇರುತ್ತಾರೆ. ಹಗುರ ಗಾಡಿಯ ಸ್ಪ್ರಿಂಗೂ ಹಗುರ ಎಂಬುದು ನೆನಪಾಗುವುದು ಆಮೇಲೆ.

ಬಂಪರ್ ಮತ್ತು ವಿಂಚ್ ಸೇರಿ, ಹಳೆಯ ಪ್ಲಾಸ್ಟಿಕ್ ಬಂಪರ್ ಕಳೆದು, 65 ಕೆ.ಜಿ. ಹೆಚ್ಚಾಗಿತ್ತು. ಮುಂದಿನ ಆಕ್ಸಲ್ ಮೇಲೆ ಬೀಳುವುದು 65 ಅಲ್ಲ. ವಿಂಚಿನ ನಡುವು ಆಕ್ಸಲ್‌ನಿಂದ 62 ಸೆಂ.ಮೀ. ಮುಂದಿದೆ, ಗಾಡಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 259 ಸೆಂ.ಮೀ. ಹಿಂದಿನ ಆಕ್ಸಲ್ಲನ್ನು ಆಧಾರವಾಗಿಟ್ಟ ಏತದಂತೆ ಇದು ಕೆಲಸ ಮಾಡುತ್ತದೆ. 65ನ್ನು 1.24ರಿಂದ ಗುಣಿಸಿದರೆ ಮುಂದಿನ ಆಕ್ಸಲ್ ಮೇಲೆ 80 ಕೆ.ಜಿ., ಹಿಂದಿನದರ ಮೇಲಿಂದ 15 ಕೆ.ಜಿ. ಎತ್ತಿದ ಹಾಗೆ. ಮೂತಿ ಇಳಿದು ಬಾಲ ಏಳಲು ಎರಡೂ ಕಾರಣ.

ಸ್ಪ್ರಿಂಗಿನ ಗಡಸು ತಿಳಿಯಲು ಸಿಮೆಂಟ್ ಮೂಟೆಗಿಂತ ಒಳ್ಳೆಯ ಉಪಕರಣವಿಲ್ಲ. ಒಂದಕ್ಕೆ 50 ಕೆ.ಜಿ., ಚೀಲದ ಮೇಲೇ ಬರೆದಿರುತ್ತದೆ. ವಿಂಚಿನ ಮೇಲೆ ಹಲಗೆ ಹಾಕಿ ಎರಡು ಮೂಟೆ ಇಟ್ಟೆವು. ಅದೇ ಏತದ ಲೆಕ್ಕದಲ್ಲಿ ಆಕ್ಸಲ್ ಮೇಲೆ 124 ಕೆ.ಜಿ., ಅಂದರೆ 1,216 ನ್ಯೂಟನ್. ಮೂಟೆ ಇಟ್ಟಾಗ ಎತ್ತರ 30 ಮಿ.ಮೀ. ಇಳಿಯಿತು. ತೆಗೆದಾಗ 34 ಏರಿತು. ಏರಿಳಿತದ ಈ ವ್ಯತ್ಯಾಸ ಬುಷ್ ಮತ್ತು ಶಾಕ್ ಸೀಲಿನ ಘರ್ಷಣೆ. ಸರಾಸರಿ 32 ಹಿಡಿದರೆ ಆಕ್ಸಲ್‌ಗೆ ಮಿಲಿಮೀಟರಿಗೆ 38 ನ್ಯೂಟನ್, ಒಂದೊಂದು ಸ್ಪ್ರಿಂಗಿಗೆ 19. ಅಳತೆಯ ಎರಡು ಟೇಪ್ ಪಟ್ಟಿಗಳನ್ನು ಗಾಡಿಯ ಬಾಡಿಯ ಮೇಲೆ ಅಂಟಿಸಿಟ್ಟರೆ ಒಬ್ಬರೇ ಇದನ್ನು ಅರ್ಧ ಗಂಟೆಯಲ್ಲಿ ಮಾಡಬಹುದು. ಮಳೆಗಾಲದಲ್ಲಿ ಮಾತ್ರ ಮೂಟೆಗೆ ತಾಡಪಾಲು ಸುತ್ತಿ.

ಹಳೆಯ ಸ್ಪ್ರಿಂಗ್‌ಗಳು ಪುಣ್ಯಕ್ಕೆ ಅಟ್ಟದಲ್ಲಿದ್ದವು. ಹೊಸದರ ಪಕ್ಕ ಇಟ್ಟಾಗ ವಿಷಯ ಕಣ್ಣಿಗೇ ಕಂಡಿತು: ತಂತಿ ಒಂದೇ ದಪ್ಪ, ಸುರುಳಿಯ ಅಗಲ ಒಂದೇ, ಹೊಸದರಲ್ಲಿ ಒಂದು ಸುತ್ತು ಹೆಚ್ಚು. ಸ್ಪ್ರಿಂಗ್ ಎಂದರೆ ಸುತ್ತಿಟ್ಟ ತಿರುಚು ಸಲಾಕೆ. ಸಲಾಕೆ ಉದ್ದವಾದಷ್ಟೂ ತಿರುಚುವುದು ಸುಲಭ. ಏಳು ಸಕ್ರಿಯ ಸುತ್ತಿದ್ದುದು ಎಂಟಾದರೆ ಗಡಸು ಎಂಟರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಎತ್ತರ ಬಂದದ್ದು ಉದ್ದದಿಂದ. ಕಂಪನಿಯ ಸ್ಪ್ರಿಂಗಿಗಿಂತ ಮೆತ್ತನೆಯ ಸ್ಪ್ರಿಂಗಿನ ಮೇಲೆ 80 ಕೆ.ಜಿ. ಹೆಚ್ಚು ಭಾರ ಕೂತಿತ್ತು. 785 ನ್ಯೂಟನ್ ಭಾರವನ್ನು 38ರಿಂದ ಭಾಗಿಸಿದರೆ 20 ಮಿ.ಮೀ. ಕುಸಿತ. 50ರಲ್ಲಿ 20 ಕಳೆದು 30. ಎಡಗಡೆಯ 31ಕ್ಕೆ ಲೆಕ್ಕ ಸರಿಹೋಯಿತು.

ಬಲಗಡೆ ಇನ್ನೂ ಏಳು ಮಿ.ಮೀ. ಕಡಿಮೆ ಇದ್ದುದಕ್ಕೆ ಬೇರೆ ಕಾರಣ. ಕೆಲವು ಕಿಟ್‌ಗಳಲ್ಲಿ ಚಾಲಕನ ಕಡೆಗೆ ಸ್ವಲ್ಪ ಉದ್ದದ ಸ್ಪ್ರಿಂಗ್ ಇರುತ್ತದೆ. ಎಡಬಲದ ಗುರುತು ಬಣ್ಣದ ಚುಕ್ಕೆಯಲ್ಲೋ ಕೊರೆದ ಅಕ್ಷರದಲ್ಲೋ ಇರುತ್ತದೆ. ಜೋಡಿಸಿದವರು ಅದನ್ನು ನೋಡದೆ ಅದಲುಬದಲು ಮಾಡಿದ್ದರು. ಎಡಗಡೆಯ ಗುರುತಿದ್ದ ಸ್ಪ್ರಿಂಗ್ ಬಲಗಡೆ ಕೂತಿತ್ತು.

ವರ್ನಿಯರ್ ಹಿಡಿದು ಗಡಸು ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಗಡಸು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಹೊಂದಿಕೊಂಡು ಏರುತ್ತದೆ, ಸುರುಳಿಯ ಸರಾಸರಿ ವ್ಯಾಸದ ಮೂರನೆಯ ಘಾತಕ್ಕೆ ಇಳಿಯುತ್ತದೆ. 12 ಮಿ.ಮೀ. ತಂತಿ, 110 ಮಿ.ಮೀ. ಸರಾಸರಿ ವ್ಯಾಸ, 7 ಸುತ್ತು ಇದ್ದರೆ ಮಿಲಿಮೀಟರಿಗೆ ಸುಮಾರು 22 ನ್ಯೂಟನ್. 8 ಸುತ್ತಾದರೆ 19. ತಂತಿ 13 ಮಿ.ಮೀ. ಮಾಡಿ 8 ಸುತ್ತು ಉಳಿಸಿಕೊಂಡರೆ 26.5. ಒಂದೇ ಮಿಲಿಮೀಟರ್ ತಂತಿ ಇಷ್ಟು ಮಾಡುತ್ತದೆ. ಹಾಗೆಯೇ ಪೌಡರ್ ಕೋಟಿಂಗ್ ಎರಡೂ ಬದಿಗೆ 0.2 ಮಿ.ಮೀ. ಇದ್ದು ಅದರ ಮೇಲೇ ಅಳೆದರೆ ಲೆಕ್ಕ ನೂರಕ್ಕೆ 14ರಷ್ಟು ತಪ್ಪುತ್ತದೆ. ಕೊನೆಯ ಸುತ್ತಿನ ಬಳಿ ಒಂದು ಉಗುರಗಲ ಬಣ್ಣ ಕೆರೆದು ಅಳೆಯಿರಿ, ಆಮೇಲೆ ಅಲ್ಲಿಗೆ ಪ್ರೈಮರ್ ಹಚ್ಚಿ. ಸೀಟಿಗೆ ತಾಗಿ ಕೂತ ಸುತ್ತುಗಳನ್ನು ಎಣಿಕೆಗೆ ಸೇರಿಸಬೇಡಿ.

ಇಷ್ಟಾದರೂ ಕುಣಿತಕ್ಕೆ ಉತ್ತರ ಸಿಕ್ಕಿರಲಿಲ್ಲ. ಮೆತ್ತನೆ ಸ್ಪ್ರಿಂಗ್ ನಿಧಾನಕ್ಕೆ ತೂಗುತ್ತದೆ, ಆದರೆ ತೂಗಾಟ ನಿಲ್ಲಿಸುವ ಹೊಣೆ ಶಾಕಿನದು. ಬಾನೆಟ್ ಒತ್ತಿ ಬಿಟ್ಟು ನೋಡುವ ಗ್ಯಾರೇಜ್ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ. ಅರ್ಧ ಜೀವ ಇರುವುದನ್ನು ಹಿಡಿಯುವುದಿಲ್ಲ. ರಸ್ತೆ ಬದಿ ಮೊಬೈಲನ್ನು ಸೆಕೆಂಡಿಗೆ 240 ಚಿತ್ರಗಳ ಸ್ಲೋ ಮೋಷನ್‌ಗೆ ಇಟ್ಟು, ಮಡ್‌ಗಾರ್ಡ್ ಅಂಚಿಗೂ ಹಬ್ಬಿಗೂ ಬಿಳಿ ಟೇಪ್ ಅಂಟಿಸಿ, ಒಂದೇ ಹಂಪಿನ ಮೇಲೆ 30 ಕಿ.ಮೀ. ವೇಗದಲ್ಲಿ ಗಾಡಿ ಓಡಿಸಿದೆವು. ನಮ್ಮ ಊರುಗಳಲ್ಲಿ ಹಂಪಿಗೆ ಬರವಿಲ್ಲವಲ್ಲ. ಒಂದು ತೂಗಾಟಕ್ಕೆ 195 ಚಿತ್ರ, ಅಂದರೆ 0.81 ಸೆಕೆಂಡ್. ಸೆಕೆಂಡಿಗೆ 1.23 ಸಲ. ಮೊದಲ ಜಿಗಿತ 60 ಮಿ.ಮೀ., ಮುಂದಿನದು 30, ಆಮೇಲೆ 15ರ ಆಸುಪಾಸು.

ಈ ಎರಡು ಅಂಕಿಗಳಲ್ಲಿ ಇಡೀ ಕತೆ ಇದೆ. ಮುಂದಿನ ಆಕ್ಸಲ್ ಭಾರ 760ರಲ್ಲಿ ಆಕ್ಸಲ್, ಹಬ್, ಚಕ್ರಗಳಿಗೆಂದು 120 ಕಳೆದರೆ ಸ್ಪ್ರಿಂಗ್ ಹೊರುವುದು 640, ಒಂದೊಂದಕ್ಕೆ 320 ಕೆ.ಜಿ. ಗಡಸು 19.2 ಎಂದು ಹಿಡಿದರೆ ಸ್ಪ್ರಿಂಗ್ 163 ಮಿ.ಮೀ. ಕುಗ್ಗಿ ನಿಂತಿದೆ. 15.76ನ್ನು ಈ ಕುಗ್ಗುವಿಕೆಯ ವರ್ಗಮೂಲದಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಸಿಗುತ್ತದೆ: 1.23. ಮೂಟೆಯ ಲೆಕ್ಕವೂ ವಿಡಿಯೊ ಲೆಕ್ಕವೂ ಒಂದೇ ಕಡೆ ಬಂದು ನಿಂತವು. ಹಾಗೆ ನಿಲ್ಲದಿದ್ದರೆ ಅಳತೆಯಲ್ಲಿ ಎಡವಿದ್ದೇವೆ ಎಂದರ್ಥ, ಮುಂದೆ ಹೋಗಬಾರದು. ಪ್ರತಿ ಜಿಗಿತ ಹಿಂದಿನದರ ಅರ್ಧವಾದರೆ ಡ್ಯಾಂಪಿಂಗ್ ಅನುಪಾತ, ಅಂದರೆ ತೂಗಾಟ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಅಂಕಿ, 0.11. ಸಾಧಾರಣವಾಗಿ ಇದು 0.2ರಿಂದ 0.3ರ ಸುತ್ತ ಇರಬೇಕು. ಆರು ತಿಂಗಳ ಶಾಕಿಗೆ 0.11 ಎಂದರೆ ಒಳಗೆ ಏನೋ ಮುರಿದಿದೆ.

ಮುಂದಿನ ಶಾಕ್ ಎರಡನ್ನೂ ಬಿಚ್ಚಿದೆವು. ಹೊರಗೆ ಎಣ್ಣೆ ಜಿನುಗಿರಲಿಲ್ಲ. ನೆಟ್ಟಗೆ ಹಿಡಿದು ಒತ್ತಿ ಎಳೆದಾಗ ಎಡಗಡೆಯದು ಎರಡೂ ದಿಕ್ಕಿಗೆ ಒಂದೇ ಸಮ ಪ್ರತಿರೋಧ ಕೊಟ್ಟಿತು. ಬಲಗಡೆಯದು ಎಳೆಯುವಾಗ ಸರಿ, ಒತ್ತುವಾಗ ಬೆಣ್ಣೆಗೆ ಕೈಹಾಕಿದಂತೆ. ಶಾಕನ್ನು ಮಲಗಿಸಿ ಇಟ್ಟಿದ್ದರೆ ಎಣ್ಣೆಯಲ್ಲಿ ಗಾಳಿ ಸೇರಿ ಹೀಗಾಗುವುದುಂಟು, ಅದಕ್ಕೆ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಎಳೆಯಬೇಕು. ಹೊಸ ಅವಳಿ ಕೊಳವೆಯ ಶಾಕನ್ನು ಜೋಡಿಸುವ ಮುಂಚೆ ಇದು ಕಡ್ಡಾಯ, ಬಹಳ ಗ್ಯಾರೇಜುಗಳಲ್ಲಿ ಬಿಟ್ಟುಬಿಡುತ್ತಾರೆ. ಇಲ್ಲಿ ಹತ್ತು ಸಲ ಮಾಡಿದರೂ ಬದಲಾಗಲಿಲ್ಲ. ಒತ್ತುವಾಗಿನ ಪ್ರತಿರೋಧ ಬರುವುದು ತಳದ ಕವಾಟದಿಂದ. ಅದು ಹೋಗಿತ್ತು.

ಅದು ಯಾಕೆ ಹೋಯಿತು ಎಂದು ತಿಳಿಯದೆ ಹೊಸ ಶಾಕ್ ಹಾಕಿದ್ದರೆ ಇನ್ನಾರು ತಿಂಗಳಿಗೆ ಮತ್ತೆ ಅದೇ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ಈ ಪರೀಕ್ಷೆಗೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಸ್ಪ್ರಿಂಗ್‌ಗಳನ್ನು ಹೊರಗೆ ತೆಗೆದು, ಶಾಕನ್ನು ಮಾತ್ರ ಮತ್ತೆ ಜೋಡಿಸಿ, ಟ್ರಾಲಿ ಜ್ಯಾಕಿನಿಂದ ಆಕ್ಸಲ್ಲನ್ನು ಬಂಪ್‌ಸ್ಟಾಪ್ ರಬ್ಬರಿಗೆ (ಆಕ್ಸಲ್ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್) ತಾಗುವವರೆಗೆ ಎತ್ತಬೇಕು. ಆಗ ಶಾಕಿನ ರಾಡ್ ಇನ್ನೆಷ್ಟು ಹೊರಗಿದೆ ಎಂದು ನೋಡಬೇಕು. ಇಲ್ಲಿ ಉಳಿದಿದ್ದುದು 10 ಮಿ.ಮೀ. ಜೋರು ಹೊಡೆತಕ್ಕೆ ರಬ್ಬರ್ ಇನ್ನೂ 30 ಮಿ.ಮೀ. ಚಪ್ಪಟೆಯಾಗುತ್ತದೆ. ಅಂದರೆ ಗಾಡಿಯನ್ನು ತಡೆಯಬೇಕಾದ ರಬ್ಬರ್ ಪೂರ್ತಿ ಕೆಲಸಕ್ಕೆ ಬರುವ 20 ಮಿ.ಮೀ. ಮೊದಲೇ ಶಾಕಿನ ಪಿಸ್ಟನ್ ತಳಕ್ಕೆ ಬಡಿಯುತ್ತಿತ್ತು. ಗುಂಡಿಗೆ ಬಿದ್ದಾಗ ಕೇಳುತ್ತಿದ್ದ ಕಬ್ಬಿಣದ ಸದ್ದು ಅದೇ. ಬಲಗಡೆ ಏಳು ಮಿ.ಮೀ. ತಗ್ಗಿದ್ದರಿಂದ ಅಲ್ಲಿ ಹೊಡೆತ ಹೆಚ್ಚು, ಅಲ್ಲಿಯೇ ಕವಾಟ ಮೊದಲು ಸತ್ತದ್ದು.

ಎತ್ತರದ ಗಾಡಿಗೆ ಉದ್ದದ ಶಾಕ್ ಎಂದು ಹೇಳುವಾಗ ಎಲ್ಲರೂ ಚಾಚಿದ ಉದ್ದವನ್ನೇ ನೋಡುತ್ತಾರೆ. ಉದ್ದದ ಶಾಕಿನ ಮುಚ್ಚಿದ ಉದ್ದವೂ ಹೆಚ್ಚಿರುತ್ತದೆ ಎಂಬುದು ತಪ್ಪಿಹೋಗುತ್ತದೆ. ಕಂಪನಿಯ ಗಿಡ್ಡ ಶಾಕನ್ನೇ ಉಳಿಸಿಕೊಂಡವರಿಗೆ ಇದರ ತಿರುವುಮುರುವು ತೊಂದರೆ: ಲಿಫ್ಟ್‌ನಿಂದ ರಾಡ್ ಆಗಲೇ 50 ಮಿ.ಮೀ. ಚಾಚಿರುತ್ತದೆ, ಹಂಪ್ ದಾಟಿ ಚಕ್ರ ಇಳಿಯುವಾಗ ಮೇಲ್ತುದಿಗೆ ‘ಠಕ್’ ಎಂದು ಬಡಿಯುತ್ತದೆ. ಆಕ್ಸಲ್ ಪೂರ್ತಿ ಜೋತಾಗ ಅದನ್ನು ಹಿಡಿದಿರುವುದು ಶಾಕೋ ಬ್ರೇಕ್ ಹೋಸೋ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಹೋಸ್ ಆಗಿದ್ದರೆ ಅಂದೇ ಕೆಲಸ ನಿಲ್ಲಿಸಿ ಉದ್ದದ ಹೋಸ್ ತನ್ನಿ.

ಪರಿಹಾರ ಸರಳ. ಬಂಪ್‌ಸ್ಟಾಪ್ ಕೂರುವ ಜಾಗಕ್ಕೆ 30 ಮಿ.ಮೀ. ಅಲ್ಯೂಮಿನಿಯಂ ಸ್ಪೇಸರ್, ಅಷ್ಟೇ ಉದ್ದ ಹೆಚ್ಚಿರುವ ಬೋಲ್ಟ್. ಈಗ ರಬ್ಬರ್ ತಾಗಿದಾಗ ರಾಡಿನಲ್ಲಿ 40 ಮಿ.ಮೀ. ಉಳಿಯುತ್ತದೆ, ರಬ್ಬರ್ ಪೂರ್ತಿ ಚಪ್ಪಟೆಯಾದಾಗ 10. ಸಸ್ಪೆನ್ಷನ್ ಓಟ ಕಡಿಮೆಯಾಯಿತಲ್ಲ ಎಂದು ಕೊರಗುವವರಿದ್ದಾರೆ. ಆ ಕೊನೆಯ 20 ಮಿ.ಮೀ. ಮೊದಲೂ ಇರಲಿಲ್ಲ, ಅದು ಶಾಕಿನ ತಳಕ್ಕೆ ಸೇರಿದ್ದ ಜಾಗ. ಹಿಂದಿನ ಆಕ್ಸಲ್ಲಿಗೂ ಇದೇ ಪರೀಕ್ಷೆ ಮಾಡಿದೆವು, ಅಲ್ಲಿ 20 ಮಿ.ಮೀ. ಸ್ಪೇಸರ್ ಸಾಕಾಯಿತು. ಹಿಂದಿನ ಶಾಕ್ ಎರಡೂ ಗಟ್ಟಿಯಾಗಿದ್ದವು.

ಸ್ಪ್ರಿಂಗ್ ಬದಲಿಗೆ, ಕಿಟ್ ತಯಾರಕರು ಉಕ್ಕಿನ ಬಂಪರ್ ಮತ್ತು ವಿಂಚ್ ಇರುವ ಗಾಡಿಗೆಂದೇ ಕೊಡುವ ಭಾರದ ದರ್ಜೆಯ ಮುಂದಿನ ಸ್ಪ್ರಿಂಗ್ ತರಿಸಿದೆವು. 13 ಮಿ.ಮೀ. ತಂತಿಯದು. ಕೊಳ್ಳುವಾಗ ‘ಎರಡು ಇಂಚು’ ಎಂದು ಎತ್ತರ ಮಾತ್ರ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ ದರ್ಜೆ ಕೊಡುತ್ತಾರೆ. ಕೇಳಬೇಕಾದ ಅಂಕಿ ಎರಡು: ಮುಂದೆ ಖಾಯಂ ಎಷ್ಟು ಕೆ.ಜಿ. ಹೆಚ್ಚಿದೆ ಎಂದು ನೀವು ಹೇಳುವುದು, ಮಿಲಿಮೀಟರಿಗೆ ಎಷ್ಟು ನ್ಯೂಟನ್ ಅಥವಾ ಕೆ.ಜಿ. ಎಂದು ಅವರು ಹೇಳುವುದು. ಎರಡನೆಯದು ಗೊತ್ತಿಲ್ಲ ಎಂದರೆ ಬೇರೆ ಅಂಗಡಿ ನೋಡುವುದು ಒಳ್ಳೆಯದು.

ಸ್ಪ್ರಿಂಗ್ ಗಡುಸು ಮಾಡಿ ಹಳೆಯ ಸೊರಗಿದ ಶಾಕನ್ನೇ ಉಳಿಸಿದರೆ ಕುಣಿತ ಹೆಚ್ಚುತ್ತದೆ ಎಂಬುದನ್ನು ಲೆಕ್ಕದಲ್ಲಿಡಬೇಕು. ಗಡಸು 1.38 ಪಟ್ಟಾದರೆ ಅದೇ ಶಾಕಿನ ಡ್ಯಾಂಪಿಂಗ್ ಅನುಪಾತ ನೂರಕ್ಕೆ 15ರಷ್ಟು ಇಳಿಯುತ್ತದೆ. ಹಾಗಾಗಿ ಮುಂದಿನ ಶಾಕ್ ಜೋಡಿಯಾಗಿಯೇ ಹೊಸದು. ಒಂದು ಮಾತ್ರ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಮೂಲೆಗೆ ಮುಗ್ಗರಿಸುತ್ತದೆ.

ಜಿಮ್ನಿಯಲ್ಲಿ ಎರಡೂ ಕಡೆ ಇಡಿಯ ಆಕ್ಸಲ್, ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಕಂಪ್ರೆಸರ್ ಬೇಕಾಗುವುದಿಲ್ಲ. ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಚಾಸಿಯ ಕೆಳಗೆ ಎರಡು ಸ್ಟ್ಯಾಂಡ್, ಆಕ್ಸಲ್ ಕೆಳಗೆ ಜ್ಯಾಕ್. ಚಕ್ರ ತೆಗೆದು, ಬ್ರೇಕ್ ಹೋಸಿನ ಕ್ಲಿಪ್, ಎ.ಬಿ.ಎಸ್. ತಂತಿಯ ಕ್ಲಿಪ್, ಆಕ್ಸಲ್ ಬ್ರೀದರ್, ಮುಂದಿನ ಹಬ್‌ಗಳಿಗೆ ಹೋಗುವ ವ್ಯಾಕ್ಯೂಮ್ ಕೊಳವೆ, ಇವನ್ನು ಸಡಿಲ ಬಿಡಬೇಕು. ಈ ವ್ಯಾಕ್ಯೂಮ್ ಕೊಳವೆಯನ್ನು ಮರೆತು ಎಳೆದುಹಾಕಿದರೆ ಫೋರ್ ವೀಲ್ ಹಿಡಿಯುವುದಿಲ್ಲ, ಅದು ಗೊತ್ತಾಗುವುದು ಕೆಸರಿನಲ್ಲಿ. ಸ್ಟೆಬಿಲೈಸರ್ ಲಿಂಕ್, ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ ಜ್ಯಾಕನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಹೊಸದನ್ನು ಕೂರಿಸುವಾಗ ತಂತಿಯ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿರಬೇಕು. ಒಂದು ಬೆರಳು ಆಚೀಚೆಯಾದರೂ ಹತ್ತು ಕಿಲೋಮೀಟರ್ ಓಡಿದ ಮೇಲೆ ‘ಟಣ್’ ಎಂದು ಜಾರಿ ಕೂತು ಎತ್ತರ ಕಡಿಮೆಯಾಗುತ್ತದೆ.

ಆಮೇಲೆ ಬರುವ ಹೆಜ್ಜೆ ಸಣ್ಣದು, ಆದರೆ ಕೆಲಸ ಕೆಡುವುದು ಅಲ್ಲಿಯೇ. ಆಕ್ಸಲ್ ಜೋತಾಡುವಾಗ ಬುಷ್‌ಗಳ ಬೋಲ್ಟ್ ಬಿಗಿ ಮಾಡಬಾರದು. ರಬ್ಬರ್ ಬುಷ್‌ನ ಒಳತೋಳು ಬೋಲ್ಟಿಗೆ ಕಚ್ಚಿಕೊಂಡು, ರಬ್ಬರ್ ತಿರುಚುತ್ತಾ ಕೆಲಸ ಮಾಡುತ್ತದೆ. ಜೋತಾಗ ಬಿಗಿದರೆ ಗಾಡಿ ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಮೊದಲ ವಾರ ಅದೂ ಒಂದು ಸ್ಪ್ರಿಂಗಿನಂತೆ ಗಾಡಿ ಎತ್ತಿ ಹಿಡಿಯುತ್ತದೆ, ಆಮೇಲೆ ಹರಿಯುತ್ತದೆ, ಎತ್ತರ ಇಳಿಯುತ್ತದೆ, ಗಾಡಿ ‘ಮೆತ್ತಗಾಯಿತು’ ಎನ್ನಿಸುತ್ತದೆ. ಈ ಗಾಡಿಯ ಮುಂದಿನ ತೋಳುಗಳ ಹಿಂಬದಿ ಬುಷ್ ಎರಡೂ ಅರ್ಧ ವೃತ್ತಕ್ಕೆ ಸೀಳಿದ್ದವು. ಹೊಸ ಬುಷ್ ಹಾಕಿ, ಬೋಲ್ಟುಗಳನ್ನು ಕೈಬಿಗಿ ಇಟ್ಟು, ಚಕ್ರ ಕಟ್ಟಿ, ಗಾಡಿ ಇಳಿಸಿ, ಉರುಳಿಸಿ, ಆಮೇಲೆ ಕೆಳಗೆ ಮಲಗಿ ಟಾರ್ಕ್ ಪಾನಾದಲ್ಲಿ ಸರ್ವಿಸ್ ಪುಸ್ತಕದ ಅಂಕಿಗೆ ಬಿಗಿದೆವು. ಎತ್ತರಿಸಿದ ಗಾಡಿಯ ಒಂದೇ ಸುಖ ಇದು, ಕೆಳಗೆ ಮಲಗಲು ಜಾಗವಿದೆ.

ಅಲೆದಾಟದ ದೂರು ಬೇಗ ಮುಗಿಯಿತು. ಲಿಫ್ಟ್ ಮಾಡಿದಾಗ ತೋಳುಗಳು ಕೆಳಮುಖವಾಗಿ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಇಳಿಯುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಎರಡು ಡಿಗ್ರಿಗೂ ಹೆಚ್ಚು ಇಳಿದಿದ್ದುದು ಕಂಡಿತು. ಹೇಗೂ ಬದಲಿಸಬೇಕಿದ್ದ ಬುಷ್‌ಗಳ ಜೊತೆಗೆ ಆಕ್ಸಲ್ ಕಡೆಗೆ ತೂತು ಪಕ್ಕಕ್ಕಿರುವ ಕ್ಯಾಸ್ಟರ್ ಬುಷ್ ಹಾಕಿಸಿದೆವು. ಆಕ್ಸಲ್ಲನ್ನು ಚಾಸಿಯ ನಡುವಿಗೆ ಹಿಡಿದಿಡುವ ಅಡ್ಡ ಸಲಾಕೆ, ಪಾನ್‌ಹಾರ್ಡ್ ರಾಡ್, ಆಕ್ಸಲ್ಲನ್ನು ಏಳು ಮಿ.ಮೀ. ಪಕ್ಕಕ್ಕೆ ಎಳೆದಿತ್ತು: ಟೈರಿನ ಒಳಗೋಡೆಯಿಂದ ಚಾಸಿಗೆ ಎರಡೂ ಬದಿ ಅಳೆದು, ಬರುವ ವ್ಯತ್ಯಾಸದ ಅರ್ಧ. ಉದ್ದ ಹೊಂದಿಸುವ ರಾಡ್ ಹಾಕಿ ನಡುವಿಗೆ ತಂದದ್ದಾಯಿತು. ಆ ರಾಡಿನ ಬುಷ್ ನೋಡಲು ಸುಲಭ ಉಪಾಯ ಇದೆ. ಎಂಜಿನ್ ಓಡುತ್ತಿರಲಿ, ಗಾಡಿ ನಿಂತಿರಲಿ, ಒಬ್ಬರು ಸ್ಟಿಯರಿಂಗನ್ನು ಎಡಬಲ ಬೇಗ ಬೇಗ ತಿರುಗಿಸಲಿ, ಇನ್ನೊಬ್ಬರು ರಾಡಿನ ತುದಿಯ ಮೇಲೆ ಬೆರಳಿಟ್ಟರೆ ಸಡಿಲ ಬೆರಳಿಗೇ ಗೊತ್ತಾಗುತ್ತದೆ.

ಎರಡನೆಯ ದಿನದ ಸಂಜೆ ಅದೇ ಹಂಪ್, ಅದೇ 30 ಕಿ.ಮೀ., ಅದೇ ಮೊಬೈಲ್. ಒಂದು ತೂಗಾಟಕ್ಕೆ 165 ಚಿತ್ರ, ಸೆಕೆಂಡಿಗೆ 1.45 ಸಲ. ಕಂಪನಿಯ ಸ್ಪ್ರಿಂಗ್, ಕಂಪನಿಯ ಭಾರ ಇದ್ದಾಗ ಲೆಕ್ಕಕ್ಕೆ ಬರುವುದು ಸುಮಾರು 1.4. ಎರಡನೆಯ ಜಿಗಿತ ಮೊದಲನೆಯದರ ಐದನೆಯ ಒಂದು ಪಾಲು, ಮೂರನೆಯದು ಟೇಪಿನಲ್ಲಿ ಗುರುತಿಸಲಾಗದಷ್ಟು. ಡ್ಯಾಂಪಿಂಗ್ ಅನುಪಾತ 0.25ರ ಹತ್ತಿರ. ಎರಡು ಮೂಟೆಗೆ ಮೂತಿ ಇಳಿದದ್ದು 23 ಮಿ.ಮೀ.

ಒಂದು ಸದ್ದು ಮಾತ್ರ ಉಳಿದಿತ್ತು, ನಿಧಾನಕ್ಕೆ ಕಲ್ಲುದಾರಿಯಲ್ಲಿ ಹೋಗುವಾಗ ಎಡಗಡೆ ‘ಟಕ್ ಟಕ್’. ಶಾಕಿನ ಮೇಲ್ತುದಿಯ ನಟ್ ಬಿಗಿಯುವಾಗ ರಾಡೇ ತಿರುಗಿ, ನಟ್ ಬಿಗಿಯಾದಂತೆ ಅನ್ನಿಸಿ, ರಬ್ಬರ್ ಬುಷ್ ಒತ್ತಿರಲಿಲ್ಲ. ರಾಡಿನ ತುದಿಯ ಚಪ್ಪಟೆ ಭಾಗವನ್ನು ಸಣ್ಣ ಪಾನಾದಲ್ಲಿ ಹಿಡಿದು ನಟ್ ತಿರುಗಿಸಿದಾಗ ನಿಂತಿತು. ರಾಡಿನ ನಯವಾದ ಭಾಗವನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಗೀರು ಸಾಕು, ಸೀಲ್ ಹರಿದು ಎಣ್ಣೆ ಜಿನುಗಲು.

500 ಕಿ.ಮೀ. ಆದ ಮೇಲೆ ಮತ್ತೆ ಅಳೆದಾಗ ಮುಂದೆ ಎಡ 3 ಮಿ.ಮೀ., ಬಲ 4 ಮಿ.ಮೀ. ಇಳಿದಿತ್ತು. ಹೊಸ ಸ್ಪ್ರಿಂಗ್ ಅಷ್ಟು ಕೂರುವುದು ಸಹಜ. ಬೋಲ್ಟುಗಳಲ್ಲಿ ಸಡಿಲವಾಗಿದ್ದುದು ಪಾನ್‌ಹಾರ್ಡ್ ರಾಡಿನ ಚಾಸಿ ಕಡೆಯದೊಂದೇ. ಬಿಸಿಲೆಯ ತಿರುವುಗಳಲ್ಲಿ ವಾಲಾಟ ಸ್ವಲ್ಪ ಇನ್ನೂ ಇದೆ. ರ‍್ಯಾಕಿನ ಮೇಲಿನ ಎರಡು ಡೀಸೆಲ್ ಕ್ಯಾನ್ ಇಳಿಸಿ ಓಡಿಸಿದ ದಿನ ಇರಲಿಲ್ಲ. ಪೆಟ್ರೋಲ್ ಗಾಡಿಯ ಮೇಲೆ ಡೀಸೆಲ್ ಯಾಕೆ ಎಂದರೆ, ತೋಟದ ಪಂಪಿಗೆ.